ಆ ಅಂಕಿ ಯಾವ ಕನ್ನಡದಲ್ಲಿ ಸಿಕ್ಕಿತು?

ಸಂಪಾದಕರಿಗೆ ನಮಸ್ಕಾರ.

ಹೋದ ವಾರ ನಿಮ್ಮ ಜಿಲ್ಲಾ ಪುಟದಲ್ಲಿ ಒಂದು ಸುದ್ದಿ ಬಂದಿತ್ತು. ಕಾಲೇಜು ಮಕ್ಕಳಲ್ಲಿ ಖಿನ್ನತೆ ತುಂಬಾ ಜಾಸ್ತಿ ಇದೆ ಎಂದು ಯಾವುದೋ ಸರ್ವೆ ಹೇಳಿದೆಯಂತೆ. ಶೇಕಡಾ ಅಂಕಿಯನ್ನು ದಪ್ಪ ಅಕ್ಷರದಲ್ಲಿ ಹಾಕಿದ್ದಿರಿ. ನಮ್ಮ ಯಜಮಾನರು ಅಂಗಡಿಯಲ್ಲಿ ಕೂತು ಅದನ್ನು ಜೋರಾಗಿ ಓದಿದರು. ಸಕ್ಕರೆ ಕಟ್ಟಿಸಿಕೊಳ್ಳುತ್ತಿದ್ದ ಒಬ್ಬರು 'ಎಲ್ಲಾ ಮೊಬೈಲಿಂದ ಕಣಣ್ಣ' ಅಂದರು. ಇನ್ನೊಬ್ಬರು ತಲೆ ಆಡಿಸಿದರು. ಅಲ್ಲಿಗೆ ಮುಗಿಯಿತು.

ನಾನು ಆ ಸುದ್ದಿಯಲ್ಲಿ ಬೇರೆ ಏನನ್ನೋ ಹುಡುಕುತ್ತಿದ್ದೆ. ಯಾವ ಪ್ರಶ್ನೆಪಟ್ಟಿ ಕೊಟ್ಟು ಕೇಳಿದರು? ಇಂಗ್ಲಿಷಿನದೋ, ಕನ್ನಡದ್ದೋ? ಕನ್ನಡದ್ದಾದರೆ, ಮೊದಲು ಯಾರಿಗೆ ಕೇಳಿ ಪರೀಕ್ಷೆ ಮಾಡಿದ್ದರು? ಎಷ್ಟು ಅಂಕ ಬಂದರೆ ಖಿನ್ನತೆ ಅಂತ ಲೆಕ್ಕ ಹಾಕಿದರು? ಒಂದೂ ಇರಲಿಲ್ಲ. ಅದಕ್ಕೇ ಈ ಕಾಗದ.

ನಾನು ಡಾಕ್ಟರೂ ಅಲ್ಲ, ಪ್ರೊಫೆಸರೂ ಅಲ್ಲ. ಪಿಯುಸಿ ಓದಿ, 19 ವರ್ಷ ಬೇರೆ ಬೇರೆ ಸಂಸ್ಥೆಗಳ ಸರ್ವೆಗೆ ಮನೆ ಮನೆ ತಿರುಗಿದವಳು. ಶಿರಾ, ಮಧುಗಿರಿ, ಪಾವಗಡದ ಹಳ್ಳಿಗಳು ನನ್ನ ಏರಿಯಾ. ಶೌಚಾಲಯ ಇದೆಯಾ, ಎಮ್ಮೆ ಎಷ್ಟಿವೆ, ರೇಷನ್ ಕಾರ್ಡ್ ಯಾವ ಬಣ್ಣ, ಇಂಥವನ್ನು ಕೇಳುವುದು ಸಲೀಸು. ಎಮ್ಮೆ ಕಣ್ಣೆದುರೇ ಇರುತ್ತದೆ. ಮನಸ್ಸಿನ ಸರ್ವೆ ಬಂದಾಗ ಕಷ್ಟ ಶುರುವಾಯಿತು.

ನಮಗೆ ಕೊಟ್ಟಿದ್ದು ಪಿಎಚ್‌ಕ್ಯೂ-9 ಅನ್ನುವ ಪಟ್ಟಿ. 2001ರಲ್ಲಿ ಅಮೆರಿಕದಲ್ಲಿ ಪ್ರಕಟವಾಗಿದ್ದು, ಈಗ ಲೋಕದ ತುಂಬ ಬಳಸುತ್ತಾರೆ. ಅದರಲ್ಲಿ ಒಂಬತ್ತು ಪ್ರಶ್ನೆ. ಕಳೆದ ಎರಡು ವಾರದಲ್ಲಿ ಈ ತೊಂದರೆ ಎಷ್ಟು ದಿನ ಇತ್ತು ಅಂತ ಕೇಳಬೇಕು. ಇಲ್ಲವೇ ಇಲ್ಲ ಅಂದರೆ 0, ಕೆಲವು ದಿನ ಅಂದರೆ 1, ಅರ್ಧಕ್ಕಿಂತ ಜಾಸ್ತಿ ದಿನ ಅಂದರೆ 2, ಹೆಚ್ಚುಕಡಿಮೆ ದಿನಾಲೂ ಅಂದರೆ 3. ಕೂಡಿದರೆ ಜಾಸ್ತಿ ಅಂದರೆ 27. ಸಾಮಾನ್ಯವಾಗಿ 10 ಅಥವಾ ಅದಕ್ಕಿಂತ ಜಾಸ್ತಿ ಬಂದವರನ್ನು ಖಿನ್ನತೆ ಇರಬಹುದಾದವರ ಲೆಕ್ಕಕ್ಕೆ ಹಾಕುತ್ತಾರೆ. 'ಇರಬಹುದು' ಅನ್ನುವುದನ್ನು ನೆನಪಿಡಿ, ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲ ದಿನ ಮೊದಲ ಮನೆ. ಒಬ್ಬ ಅಜ್ಜಿ ಜಗಲಿ ಮೇಲೆ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ನಾನು ಏಳನೇ ಪ್ರಶ್ನೆಗೆ ಬಂದೆ. ಪೇಪರ್ ಓದುವಾಗ, ಟೀವಿ ನೋಡುವಾಗ ಗಮನ ಇಡಲು ಕಷ್ಟ ಆಗುತ್ತಾ? ಅಜ್ಜಿ ನನ್ನ ಮುಖ ನೋಡಿದರು. 'ಪೇಪರ್ ಓದಾಕೆ ನಂಗೆಲ್ಲಿ ಬತ್ತದೆ ಮಗ. ಟೀವಿ ಮೊಮ್ಮಗಂದು.' ಈಗ ಏನು ಬರೆಯಲಿ? ಕಷ್ಟ ಇಲ್ಲ ಅಂತ 0 ಹಾಕಲೋ, ದಿನಾ ಕಷ್ಟ ಅಂತ 3 ಹಾಕಲೋ? ಎರಡೂ ಸುಳ್ಳು. ಬಿಟ್ಟರೆ ಸೂಪರ್‌ವೈಸರ್ ಫಾರ್ಮ್ ವಾಪಸ್ ಕೊಡುತ್ತಿದ್ದರು. 0 ಹಾಕಿದೆ.

ಎರಡು ವಾರದ ಲೆಕ್ಕವೂ ಅಷ್ಟೇ. ಆ ಅಜ್ಜಿಗೆ ದಿನದ ಲೆಕ್ಕ ಇರುವುದು ಸಂತೆಯಿಂದ ಸಂತೆಗೆ, ಅಮಾವಾಸ್ಯೆಯಿಂದ ಹುಣ್ಣಿಮೆಗೆ. 'ಅರ್ಧಕ್ಕಿಂತ ಜಾಸ್ತಿ ದಿನ' ಅಂದರೆ 'ಅಯ್ಯೋ, ಇರ್ತದೆ ಕಣವ್ವ' ಅನ್ನುತ್ತಿದ್ದರು. ಕೊನೆಗೆ ಅವರ ಮುಂದಿದ್ದ ರಾಶಿಯಿಂದಲೇ 14 ಹುಣಸೆ ಬೀಜ ತೆಗೆದು ಸಾಲಾಗಿ ಇಟ್ಟೆ. 'ಇವು ಎರಡು ಸಂತೆ ದಿನಗಳು ಅಜ್ಜಿ. ನಿದ್ದೆ ಬರದೇ ಇದ್ದ ದಿನಗಳನ್ನ ಈ ಕಡೆ ತಳ್ಳಿ.' ಅಜ್ಜಿ ಯೋಚನೆ ಮಾಡಿ ಆರು ಬೀಜ ತಳ್ಳಿದರು. ಆಮೇಲೆ ಒಂದನ್ನು ವಾಪಸ್ ತಂದರು. 'ಆವತ್ತು ಮಗಳು ಬಂದಿದ್ಲು, ನಿದ್ದೆ ಬಂತು' ಅಂದರು. ಅಷ್ಟು ಚೊಕ್ಕ ಉತ್ತರ ನನಗೆ ಆ ಸರ್ವೆಯಲ್ಲಿ ಮತ್ತೆ ಸಿಗಲಿಲ್ಲ.

ಸಂಜೆ ಖುಷಿಯಿಂದ ಹೇಳಿಕೊಂಡೆ. ಸೂಪರ್‌ವೈಸರ್ ಬೈದರು. ಆಗ ಸಿಟ್ಟು ಬಂತು. ಈಗ ಅನ್ನಿಸುತ್ತದೆ, ಅವರು ಬೈದಿದ್ದರಲ್ಲಿ ನ್ಯಾಯ ಇತ್ತು. ನಾನು ಬೀಜ ಇಟ್ಟೆ, ಪಕ್ಕದ ಊರಿಗೆ ಹೋದ ನನ್ನ ಜೊತೆಗಾತಿ ಇಡಲಿಲ್ಲ. ನಾನು 'ಮನಸ್ಸಿಗೆ ಬೇಜಾರು ಆಗ್ತದಾ' ಅಂತ ಕೇಳುತ್ತಿದ್ದೆ. ಅವಳು ಫಾರ್ಮ್‌ನಲ್ಲಿ ಇದ್ದ ಹಾಗೆ 'ಖಿನ್ನತೆಯ ಭಾವನೆ ಉಂಟಾಗಿದೆಯೇ' ಅಂತ ಓದುತ್ತಿದ್ದಳು. ಬೇಜಾರು ಯಾರಿಗಿಲ್ಲ ಹೇಳಿ? ಬಸ್ ತಪ್ಪಿದರೂ ಬೇಜಾರು. ಖಿನ್ನತೆ ಅಂದರೆ ಮಾತ್ರ 'ಅಂಥದ್ದೇನೂ ನಮ್ಮನೇಲಿ ಇಲ್ಲ' ಅನ್ನುತ್ತಾರೆ, ಯಾವುದೋ ಕಾಯಿಲೆ ಇದೆಯಾ ಅಂತ ಕೇಳಿದ ಹಾಗೆ. ಲೆಕ್ಕ ಹಾಕಿದಾಗ ನನ್ನ ಊರಿನಲ್ಲಿ ಖಿನ್ನತೆ ಜಾಸ್ತಿ, ಅವಳ ಊರಿನಲ್ಲಿ ಕಮ್ಮಿ. ಮೀಟಿಂಗಿನಲ್ಲಿ ಅದಕ್ಕೆ ಕಾರಣವನ್ನೂ ಹುಡುಕಿದರು. ನನ್ನ ಊರಿಗೆ ನೀರಿನ ತೊಂದರೆ ಇದೆಯಲ್ಲ, ಅದಕ್ಕೇ ಅಂತ. ನಾನು ಬಾಯಿ ಬಿಡಲಿಲ್ಲ. ಎರಡು ಊರಿನ ನಡುವೆ ಇದ್ದ ವ್ಯತ್ಯಾಸ ನಾವಿಬ್ಬರೇ.

ಇನ್ನೊಂದು ಮನೆ. ಬೋರ್‌ವೆಲ್ ಇಟ್ಟುಕೊಂಡು ಟೊಮ್ಯಾಟೊ ಬೆಳೆಯುವ ರೈತರು. ಆ ದಿನಗಳಲ್ಲಿ ತ್ರೀ ಫೇಸ್ ಕರೆಂಟ್ ಬರುತ್ತಿದ್ದದ್ದು ರಾತ್ರಿ. ಎರಡು ಗಂಟೆಗೆ ಎದ್ದು ಹೋಗಿ ಮೋಟಾರ್ ಹಾಕಿ ನೀರು ಕಟ್ಟಬೇಕು. ನಿದ್ದೆಗೆ ತೊಂದರೆ ಇದೆಯಾ? ದಿನಾಲೂ. 3. ಸುಸ್ತು? ದಿನಾಲೂ. 3. ಊಟ ಸರಿ ಸೇರುತ್ತಾ? ಮಧ್ಯಾಹ್ನ ಎಷ್ಟೋ ದಿನ ಸೇರಲ್ಲ. 2. ಟೀವಿ ಮುಂದೆ ಗಮನ? 'ಕೂತ್ರೆ ತೂಕಡಿಸ್ತೀನಿ.' ಇನ್ನೊಂದು 2. ಒಟ್ಟು 10. ಮೊದಲಿನ ಎರಡು ಪ್ರಶ್ನೆಗಳೇ ಈ ಪಟ್ಟಿಯ ಜೀವ. ಯಾವುದರಲ್ಲೂ ಆಸಕ್ತಿ ಇಲ್ಲದೇ ಇರುವುದು, ಮನಸ್ಸು ಕುಗ್ಗಿ ಹೋಗಿರುವುದು. ಅದಕ್ಕೆ ಅವರು ನಕ್ಕರು. 'ಬೇಜಾರಾ? ಈ ಸಲ ಟೊಮ್ಯಾಟೊಗೆ ರೇಟ್ ಐತೆ ಮೇಡಂ.' ಆದರೂ ನಮ್ಮ ಶೀಟಿನಲ್ಲಿ ಅವರು 10 ಅಂಕದವರು. ಕೂಡಿ ಬರೆಯುವಾಗ ಯಾವ ಪ್ರಶ್ನೆಗೆ ಅಂಕ ಬಂತು ಅಂತ ಯಾರೂ ನೋಡಲಿಲ್ಲ. ಕರೆಂಟಿನ ತೊಂದರೆ ಮನಸ್ಸಿನ ಕಾಯಿಲೆ ಆಗಿಬಿಟ್ಟಿತು.

ಈಗ ಆ 'ಇರಬಹುದು' ವಿಷಯ. ಇದನ್ನು ನಾನು ಯಜಮಾನರಿಗೆ ಅಂಗಡಿಯ ಲೆಕ್ಕದ ಪುಸ್ತಕದ ಹಿಂದೆ ಬರೆದು ತೋರಿಸಿದೆ. ನೀವೂ ಒಂದು ಪೆನ್ನು ತೆಗೆದುಕೊಳ್ಳಿ.

ನಿಮ್ಹಾನ್ಸ್‌ನವರು 2015–16ರಲ್ಲಿ 12 ರಾಜ್ಯಗಳಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಮಾಡಿದರು. ಕರ್ನಾಟಕ ಆ 12ರಲ್ಲಿ ಇರಲಿಲ್ಲ, ಆದರೆ ಮೊದಲು ಮಾಡಿ ನೋಡಿದ ಪ್ರಾಯೋಗಿಕ ಸರ್ವೆ ನಮ್ಮ ಕೋಲಾರ ಜಿಲ್ಲೆಯಲ್ಲೇ ನಡೆದಿತ್ತು. ಅಲ್ಲಿ ಬಳಸಿದ್ದು ಒಂಬತ್ತು ಪ್ರಶ್ನೆಯ ಚೀಟಿಯಲ್ಲ. ಕಾಯಿಲೆ ಗುರುತಿಸಲೆಂದೇ ಇರುವ ಉದ್ದದ ಸಂದರ್ಶನ. ಆ ಹೊತ್ತಿಗೆ ಖಿನ್ನತೆ ಇದ್ದ ವಯಸ್ಕರು ಶೇ 2.7 ಅಂತ ಬಂತು. ಅಂದರೆ ಸಾವಿರಕ್ಕೆ 27 ಜನ.

ಪಿಎಚ್‌ಕ್ಯೂ-9 ಪಟ್ಟಿಯನ್ನು ಅಮೆರಿಕದಲ್ಲಿ ಮೊದಲು ಪರೀಕ್ಷೆ ಮಾಡಿದಾಗ, 10 ಅಂಕದ ಗೆರೆ ಎಳೆದರೆ, ನಿಜವಾಗಿ ಖಿನ್ನತೆ ಇದ್ದ 100 ಜನರಲ್ಲಿ 88 ಜನರನ್ನು ಅದು ಹಿಡಿಯಿತು. ಇಲ್ಲದ 100 ಜನರಲ್ಲಿ 88 ಜನರನ್ನು ಇಲ್ಲ ಅಂತಲೇ ಬಿಟ್ಟಿತು. ಒಳ್ಳೆಯ ಫಲಿತಾಂಶವೇ. ಈಗ ಇದೇ ಪಟ್ಟಿಯನ್ನು ನಮ್ಮ ಸಾವಿರ ಜನರಿಗೆ ಕೊಡಿ. ಖಿನ್ನತೆ ಇರುವ 27 ಜನರಲ್ಲಿ ಸುಮಾರು 24 ಜನ ಸಿಗುತ್ತಾರೆ. ಉಳಿದ 973 ಜನರಲ್ಲಿ ಶೇ 12 ಜನ ಸುಮ್ನೆ ಸಿಕ್ಕಿಹಾಕಿಕೊಳ್ಳುತ್ತಾರೆ, ಅಂದರೆ 117 ಜನ. ಒಟ್ಟು 141. ಪೇಪರಿನಲ್ಲಿ ಶೇ 14 ಅಂತ ಬರುತ್ತದೆ. ಇದ್ದದ್ದು 2.7. ಪಟ್ಟಿ ಚೆನ್ನಾಗಿ ಕೆಲಸ ಮಾಡಿದಾಗಲೇ ಹೀಗೆ. ಕನ್ನಡ ಮಾಡುವಾಗ ಕೆಟ್ಟು, ಪೇಪರ್ ಓದಲು ಬಾರದವರಿಗೆ ಪೇಪರಿನ ಪ್ರಶ್ನೆ ಕೇಳಿದರೆ ಎಷ್ಟಾಗುತ್ತದೋ.

ಪಟ್ಟಿಯದು ತಪ್ಪು ಅಂತ ನಾನು ಹೇಳುತ್ತಿಲ್ಲ. ಅದು ಇರುವುದು ಜರಡಿ ಹಿಡಿಯಲು. ಜರಡಿಯಲ್ಲಿ ನಿಂತವರನ್ನು ಡಾಕ್ಟರು ಕೂತು ಮಾತಾಡಿಸಬೇಕು. ಜರಡಿಯಲ್ಲಿ ನಿಂತದ್ದನ್ನೆಲ್ಲ ಕಲ್ಲು ಅಂತ ಲೆಕ್ಕ ಹಾಕಿ ಪ್ರಕಟಿಸಿದರೆ ಅದು ಜರಡಿಯ ತಪ್ಪಲ್ಲ.

ಅನುವಾದದ ಬಗ್ಗೆ ಒಂದು ಮಾತು ಹೇಳಲೇಬೇಕು. ಪ್ರತಿ ಟ್ರೈನಿಂಗಿನಲ್ಲೂ ಹೇಳುತ್ತಾರೆ: ಒಬ್ಬರು ಕನ್ನಡಕ್ಕೆ ಮಾಡಿದ್ದಾರೆ, ಇನ್ನೊಬ್ಬರು ಅದನ್ನು ತಿರುಗಿ ಇಂಗ್ಲಿಷಿಗೆ ಮಾಡಿದ್ದಾರೆ, ಎರಡೂ ತಾಳೆ ಆಗಿದೆ, ಇನ್ನು ಚಿಂತೆ ಇಲ್ಲ. ಅಲ್ಲೇ ಮೋಸ ಹೋಗುವುದು. ಇಬ್ಬರೂ ಇಂಗ್ಲಿಷ್ ಓದಿದವರು. 'ಖಿನ್ನತೆಯ ಭಾವನೆ' ಅಂತ ಕಂಡ ಕೂಡಲೇ ಮೂಲದಲ್ಲಿ ಏನಿತ್ತು ಅಂತ ಎರಡನೆಯವರಿಗೆ ಗೊತ್ತಾಗಿಬಿಡುತ್ತದೆ. ಇಂಗ್ಲಿಷಿಗೆ ಇಂಗ್ಲಿಷ್ ತಾಳೆ ಆಯಿತು. ನಡುವೆ ಇದ್ದ ಕನ್ನಡ ಹುಣಸೆ ಬೀಜ ಬಿಡಿಸುವ ಅಜ್ಜಿಗೆ ತಾಳೆ ಆಯಿತಾ ಅಂತ ಯಾರೂ ನೋಡಲಿಲ್ಲ.

ಬಾಣಂತಿಯರ ಸರ್ವೆಯಲ್ಲಿ ಎಡಿನ್‌ಬರೊ ಪಟ್ಟಿ ಇತ್ತು. 1987ರಲ್ಲಿ ಸ್ಕಾಟ್ಲೆಂಡಿನಲ್ಲಿ ಮಾಡಿದ್ದು, ಹತ್ತು ಪ್ರಶ್ನೆ. ಅದರಲ್ಲಿ ಒಂದು, ಕೆಲಸ ಕಾರ್ಯ ಎಲ್ಲಾ ತಲೆ ಮೇಲೆ ಬಂದು ಕೂತು ನಿಭಾಯಿಸಲು ಆಗುತ್ತಿಲ್ಲವಾ ಅನ್ನುವ ಅರ್ಥದ ಪ್ರಶ್ನೆ. ನಮ್ಮ ಕೈಗೆ ಬಂದ ಮೊದಲ ಕರಡಿನಲ್ಲಿ 'ವಸ್ತುಗಳು ನನ್ನ ಮೇಲೆ ಏರಿ ಬರುತ್ತಿವೆ' ಅಂತ ಅಚ್ಚಾಗಿತ್ತು. ಅದನ್ನು ಓದಿದಾಗ ಒಬ್ಬ ಬಾಣಂತಿ ಹುಡುಗಿ ಮಗುವನ್ನು ಎದೆಗೆ ಅಪ್ಪಿಕೊಂಡು ತಲೆ ಎತ್ತಿ ಅಟ್ಟ ನೋಡಿದಳು. ಅಟ್ಟದ ಮೇಲೆ ಕೊಪ್ಪರಿಗೆ, ಕೊಳಗ ಎಲ್ಲಾ ಇತ್ತು. 'ಬೀಳಲ್ಲ ಅಕ್ಕ, ಕಟ್ಟಿದಾರೆ' ಅಂದಳು. ನಾನು ಇವತ್ತಿಗೂ ಅದನ್ನು ನೆನೆಸಿಕೊಂಡು ನಗುತ್ತೇನೆ. ಅವಳ ಆ ಉತ್ತರಕ್ಕೆ 0 ಅಂತ ಬರೆದದ್ದು ನಾನೇ ಅಂತ ನೆನಪಾದಾಗ ನಗು ನಿಲ್ಲುತ್ತದೆ.

ಸರಿಯಾಗಿ ಮಾಡಿದವರು ಇಲ್ಲ ಅಂತಲ್ಲ. ಇದೇ ಎಡಿನ್‌ಬರೊ ಪಟ್ಟಿಯನ್ನು ಕನ್ನಡದಲ್ಲಿ, ನಮ್ಮ ರಾಜ್ಯದ ಹಳ್ಳಿಗಾಡಿನ ಗರ್ಭಿಣಿಯರಿಗೆ ಕೇಳಿ, ಅದೇ ಹೆಂಗಸರನ್ನು ಕಾಯಿಲೆ ಗುರುತಿಸುವ ಸಂದರ್ಶನದಲ್ಲೂ ಮಾತಾಡಿಸಿ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ ಅಧ್ಯಯನ 2011ರಲ್ಲಿ ಬಂದಿದೆ. ಎಷ್ಟು ಅಂಕಕ್ಕೆ ಗೆರೆ ಎಳೆದರೆ ನಮ್ಮ ಹೆಂಗಸರಿಗೆ ಸರಿಹೊಂದುತ್ತದೆ ಅಂತ ಇಲ್ಲೇ ಕಂಡುಕೊಂಡರು, ಸ್ಕಾಟ್ಲೆಂಡಿನ ಗೆರೆಯನ್ನು ಕಣ್ಣು ಮುಚ್ಚಿ ತರಲಿಲ್ಲ. ವ್ಯಾಲಿಡೇಶನ್ ಅಂತ ದೊಡ್ಡ ಹೆಸರಿನಲ್ಲಿ ಕರೆಯುವುದು ಇಂಥ ಕೆಲಸವನ್ನೇ.

ಒಬ್ಬ ಡಾಕ್ಟರಮ್ಮ ನಮಗೆ ಟ್ರೈನಿಂಗಿನಲ್ಲಿ ಜಿಂಬಾಬ್ವೆಯ ಕತೆ ಹೇಳಿದ್ದರು. ನಮ್ಮ ದೇಶದವರೇ ಆದ ಮನೋವೈದ್ಯ ವಿಕ್ರಮ್ ಪಟೇಲ್ ಮತ್ತು ಅಲ್ಲಿಯವರು 1990ರ ದಶಕದಲ್ಲಿ ಹರಾರೆಯಲ್ಲಿ ಇಂಗ್ಲಿಷ್ ಪಟ್ಟಿ ಅನುವಾದ ಮಾಡಿ ಸುಮ್ಮನಾಗಲಿಲ್ಲ. ಶೋನಾ ಭಾಷೆ ಆಡುವ ಜನ ತಮ್ಮ ತೊಂದರೆಯನ್ನು ಯಾವ ಮಾತಿನಲ್ಲಿ ಹೇಳುತ್ತಾರೆ ಅಂತ ಮೊದಲು ಕೇಳಿಸಿಕೊಂಡರು. ಅಲ್ಲಿ 'ಕುಫುಂಗಿಸಿಸಾ' ಅನ್ನುತ್ತಾರಂತೆ, ಅಂದರೆ ಅತಿಯಾಗಿ ಯೋಚನೆ ಮಾಡುವುದು. ಅಂಥ ಮಾತುಗಳಿಂದಲೇ 14 ಪ್ರಶ್ನೆಯ ಪಟ್ಟಿ ಮಾಡಿದರು. ನನಗೆ ಮೈ ಝುಮ್ ಅಂದಿತು. ನಮ್ಮ ಕಡೆಯೂ ಅದೇ ಅಲ್ವಾ? 'ಯಾಕೋ ಯೋಚ್ನೆ ಜಾಸ್ತಿ ಆಗೈತೆ', 'ಎದೆ ಧಸಕ್ ಅಂತದೆ', 'ಕೈಕಾಲಲ್ಲಿ ಶಕ್ತಿ ಇಲ್ಲ', 'ಯಾವುದೂ ಬ್ಯಾಡ ಅನ್ನಿಸ್ತದೆ'. 19 ವರ್ಷ ಈ ಮಾತುಗಳನ್ನು ಕೇಳಿದ್ದೇನೆ. ಅವನ್ನು ಬರೆಯಲು ಫಾರ್ಮಿನಲ್ಲಿ ಜಾಗವೇ ಇರಲಿಲ್ಲ.

ಮೈ ನೋವು ಹೇಳುವುದು ಸುಳ್ಳೂ ಅಲ್ಲ, ದಡ್ಡತನವೂ ಅಲ್ಲ. 1996ರಲ್ಲಿ ನಿಮ್ಹಾನ್ಸ್‌ನ ಆರ್. ರಘುರಾಮ್ ಮತ್ತು ಜೊತೆಗಾರರು ಬೆಂಗಳೂರಿನ ರೋಗಿಗಳ ಬಗ್ಗೆ ಬರೆದರು. ಮನಸ್ಸು ಕುಗ್ಗಿದೆ ಅನ್ನುವ ಲಕ್ಷಣ ಜಾಸ್ತಿ ಇದ್ದವರಲ್ಲಿ ಜನ ಏನಂದುಕೊಳ್ಳುತ್ತಾರೋ ಅನ್ನುವ ಭಯವೂ ಜಾಸ್ತಿ ಕಂಡಿತು. ಮೈ ಕೈ ನೋವಿನ ಲಕ್ಷಣ ಜಾಸ್ತಿ ಇದ್ದವರಲ್ಲಿ ಆ ಭಯ ಕಮ್ಮಿ. ಸೊಂಟ ನೋವು ಅಂದರೆ ಮಗಳ ಮದುವೆ ನಿಲ್ಲುವುದಿಲ್ಲ, ಅಷ್ಟೇ ವಿಷಯ.

ಇನ್ನು ಆಲ್ಫಾ. ಇತ್ತೀಚೆಗೆ ಒಬ್ಬ ಎಂ.ಎ. ಹುಡುಗ ಪ್ರಾಜೆಕ್ಟ್ ಫಾರ್ಮ್ ಹಿಡಿದು ನಮ್ಮ ಬೀದಿಗೆ ಬಂದ. ಇದನ್ನು ಪರೀಕ್ಷೆ ಮಾಡಿದ್ದೀರೇನಪ್ಪ ಅಂದೆ. 'ಆಲ್ಫಾ ಚೆನ್ನಾಗಿ ಬಂದಿದೆ ಆಂಟಿ' ಅಂದ. ಲೀ ಕ್ರಾನ್‌ಬಾಕ್ ಅನ್ನುವವರು 1951ರಲ್ಲಿ ಬರೆದ ಲೆಕ್ಕ ಅದು. ಪ್ರಶ್ನೆಗಳು ಒಂದಕ್ಕೊಂದು ಜೊತೆಯಾಗಿ ಹೋಗುತ್ತವಾ ಅಂತ ಅದು ಹೇಳುತ್ತದೆ. ಏನನ್ನು ಅಳೆಯುತ್ತಿವೆ ಅಂತ ಹೇಳುವುದಿಲ್ಲ. ನಿದ್ದೆ ಬಂತಾ ಅನ್ನುವುದನ್ನೇ ಐದು ರೀತಿ ತಿರುಗಿಸಿ ಕೇಳಿದರೆ ಆಲ್ಫಾ ಸೊಗಸಾಗಿ ಬರುತ್ತದೆ.

ಹುಡುಗನನ್ನು ಅಂಗಡಿಗೆ ಕರೆದುಕೊಂಡು ಹೋಗಿ ನಮ್ಮ ಹಳೇ ಎಲೆಕ್ಟ್ರಾನಿಕ್ ತಕ್ಕಡಿ ತೋರಿಸಿದೆ. ಅದು ಕೆಟ್ಟು ಮೂಲೆ ಸೇರಿದೆ. ಒಂದು ಕೆಜಿ ಬಟ್ಟು ಇಟ್ಟರೆ 1,030 ತೋರಿಸುತ್ತದೆ. ಹತ್ತು ಸಲ ಇಡಿ, ಹತ್ತು ಸಲವೂ 1,030. ಒಂದು ಗ್ರಾಮೂ ಆಚೀಚೆ ಇಲ್ಲ. 'ಎಷ್ಟು ನಂಬಿಕಸ್ತ ನೋಡು' ಅಂದೆ. ಹುಡುಗ ನಕ್ಕ. ಅರ್ಥ ಆಯಿತೋ ಇಲ್ಲವೋ, ಎರಡು ಕಡಲೆಮಿಠಾಯಿ ತಗೊಂಡು ಹೋದ.

ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಗಾದರೆ ವರ್ಷಕ್ಕೊಂದು ಸಲ ಮುದ್ರೆ ಹಾಕಿಸಬೇಕು. ಹೋದ ವರ್ಷದ ಮುದ್ರೆ ಈ ವರ್ಷ ನಡೆಯುವುದಿಲ್ಲ. ಪ್ರಶ್ನೆಪಟ್ಟಿಗೆ ಆ ಯೋಚನೆಯೇ ಇಲ್ಲ. ವಿ.ವಿ. ಕಾಮತ್ ಅನ್ನುವವರು ಬಿನೆ ಬುದ್ಧಿಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಹೊಂದಿಸಿ 1934ರಲ್ಲಿ ಪ್ರಕಟಿಸಿದರು. ಧಾರವಾಡದ ಕಡೆಯ ಮಕ್ಕಳನ್ನು ಕೂರಿಸಿಕೊಂಡು, ಯಾವ ವಯಸ್ಸಿಗೆ ಯಾವ ಪ್ರಶ್ನೆ ಅಂತ ಇಲ್ಲಿಯ ಲೆಕ್ಕವನ್ನೇ ಹಾಕಿದ ಕೆಲಸ. ಆ ಕಾಲಕ್ಕೆ ಅದು ದೊಡ್ಡದು, ಕೈ ಮುಗಿಯಬೇಕು. ಆದರೆ ಬಿನೆ–ಕಾಮತ್ ಪರೀಕ್ಷೆ ಮೊನ್ನೆ ಮೊನ್ನೆಯವರೆಗೂ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿತ್ತು. ನನ್ನ ತಂಗಿಯ ಮೊಮ್ಮಗನಿಗೂ ಬುದ್ಧಿಮಾಂದ್ಯತೆಯ ಸರ್ಟಿಫಿಕೇಟಿಗಾಗಿ ಒಂದು ಕಡೆ ಅದನ್ನೇ ಮಾಡಿದರು. ಹಳೇ ಲೆಕ್ಕಕ್ಕೆ ಈಗಿನ ಮಕ್ಕಳನ್ನು ಹೋಲಿಸಿದರೆ ಐಕ್ಯೂ ಇರುವುದಕ್ಕಿಂತ ಜಾಸ್ತಿ ಬರುವ ಸಾಧ್ಯತೆ ಇದೆ. ಜಾಸ್ತಿ ಬಂದರೆ ಒಳ್ಳೇದಲ್ವಾ ಅಂತ ತಂಗಿ ಕೇಳಿದಳು. ಐಕ್ಯೂ 70ರ ಮೇಲೆ ಹೋದರೆ ಸರ್ಟಿಫಿಕೇಟ್ ಸಿಗುವುದು ಕಷ್ಟ, ಸರ್ಟಿಫಿಕೇಟ್ ಇಲ್ಲದಿದ್ದರೆ ಪಿಂಚಣಿ ಇಲ್ಲ, ಬಸ್ ಪಾಸ್ ಇಲ್ಲ. ಮಗು ಮಾತ್ರ ಇದ್ದ ಹಾಗೇ ಇದೆ.

ಕೊನೆಗೆ ಒಂದು ಮನೆಯ ವಿಷಯ ಹೇಳದಿದ್ದರೆ ನನಗೆ ಸಮಾಧಾನ ಆಗುವುದಿಲ್ಲ. ಮಧುಗಿರಿ ಕಡೆಯ ಹಳ್ಳಿ. ಸೊಸೆಗೆ ಪ್ರಶ್ನೆ ಕೇಳಬೇಕಿತ್ತು. ಅತ್ತೆ ಪಕ್ಕದಲ್ಲೇ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ಎದ್ದು ಹೋಗಿ ಅನ್ನಲು ನನಗೆ ಬಾಯಿ ಬರಲಿಲ್ಲ. ಒಂಬತ್ತು ಪ್ರಶ್ನೆಗೂ ಸೊಸೆ 'ಇಲ್ಲ' ಅಂದಳು. ಸೊನ್ನೆ. ಮುಗಿಸಿ ಬಸ್ಸಿಗೆ ಹೊರಟೆ. ಕೊಡ ಹಿಡಿದು ನೀರಿಗೆ ಬರುವ ನೆಪದಲ್ಲಿ ಅವಳು ಹಿಂದೆಯೇ ಬಂದಳು. ನಲ್ಲಿ ಹತ್ತಿರ ನಿಂತು, 'ಅಕ್ಕ, ಆ ಕೊನೇ ಪ್ರಶ್ನೆ ಕೇಳಿದ್ರಲ್ಲ, ಅದು ದಿನಾ ಬರ್ತದೆ' ಅಂದಳು. ಕೊನೆಯ ಪ್ರಶ್ನೆ ಸಾವಿನ ಯೋಚನೆಯದು. ಬಸ್ ಬಿಟ್ಟೆ. ಅವಳ ಜೊತೆ ಕೂತೆ, ಆಮೇಲೆ ಆಶಾ ಕಾರ್ಯಕರ್ತೆಯನ್ನು ಕರೆಸಿ ಆಸ್ಪತ್ರೆಗೆ ಕಳಿಸುವ ಏರ್ಪಾಡು ಮಾಡಿದೆವು. ಈಗ ಚೆನ್ನಾಗಿದ್ದಾಳೆ, ಜಾತ್ರೆಯಲ್ಲಿ ಸಿಗುತ್ತಾಳೆ. ಆಗ ಟೆಲಿ ಮನಸ್ ಅನ್ನುವ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಇರಲಿಲ್ಲ. ಈಗ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ. ಇದನ್ನು ಓದುವ ಯಾರಿಗಾದರೂ ಬೇಕಾದರೆ ಬರೆದಿಟ್ಟುಕೊಳ್ಳಿ.

ಆ ಫಾರ್ಮಿನಲ್ಲಿ ಮಾತ್ರ ಅವಳದು ಸೊನ್ನೆಯಾಗಿಯೇ ಉಳಿಯಿತು. ತಿದ್ದಲು ಹೋದೆ, ಒಂದು ಸಲ ಒಪ್ಪಿಸಿದ ಫಾರ್ಮ್ ಮುಟ್ಟುವಂತಿಲ್ಲ ಅಂದರು. ಟೊಮ್ಯಾಟೊ ರೈತರು 10, ಈ ಹುಡುಗಿ 0. ಎರಡೂ ಒಂದೇ ಸರ್ವೆ, ಒಂದೇ ಸರಾಸರಿ.

ಅದಕ್ಕೇ ನಿಮ್ಮಲ್ಲಿ ಕೇಳುವುದು ಸಣ್ಣ ವಿಷಯ. ಇಂಥ ಸುದ್ದಿ ಹಾಕುವಾಗ ಕೊನೆಯಲ್ಲಿ ಎರಡು ಸಾಲು ಸೇರಿಸಿ. ಪಟ್ಟಿ ಯಾವುದು, ಯಾವ ಭಾಷೆಯಲ್ಲಿ ಕೇಳಿದರು, ಆ ಭಾಷೆಯಲ್ಲಿ ಅಂಥದ್ದೇ ಜನರ ಮೇಲೆ ಮೊದಲು ಪರೀಕ್ಷೆ ಆಗಿತ್ತಾ, ಗೆರೆ ಎಷ್ಟಕ್ಕೆ ಎಳೆದರು, ಆಮೇಲೆ ಡಾಕ್ಟರು ಮಾತಾಡಿಸಿದರಾ. ಸರ್ವೆ ಮಾಡಿದವರಿಗೆ ಒಂದು ಫೋನ್ ಮಾಡಿದರೆ ಗೊತ್ತಾಗುತ್ತದೆ. ಉತ್ತರ ಕೊಡಲು ತಡವರಿಸಿದರೆ, ಆ ಅಂಕಿಯನ್ನು ದಪ್ಪ ಅಕ್ಷರದಲ್ಲಿ ಹಾಕಬೇಡಿ.

ಕಾಲೇಜಿನ ಮಕ್ಕಳಿಗೂ ಒಂದು ಮಾತು. ಫಾರ್ಮ್ ಅಚ್ಚು ಹಾಕಿಸುವ ಮೊದಲು ಹತ್ತು ಜನರ ಮುಂದೆ ಓದಿ. 'ಇದನ್ನ ಕೇಳಿದಾಗ ನಿಮಗೆ ಏನು ಅನ್ನಿಸಿತು, ನಿಮ್ಮ ಮಾತಲ್ಲಿ ಹೇಳಿ' ಅಂತ ಕೇಳಿ, ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಳ್ಳಿ. ಶಿರಾ ಕಡೆ ಬಂದರೆ ನಾನೇ ಜೊತೆಗೆ ಬರುತ್ತೇನೆ. ಹುಣಸೆ ಬೀಜ ಬಿಡಿಸುವ ಮನೆಗಳು ನನಗೆ ಗೊತ್ತಿವೆ. ಸಂತೆ ದಿನ ಮಾತ್ರ ಬೇಡ, ಯಾರೂ ಮನೆಯಲ್ಲಿ ಸಿಗುವುದಿಲ್ಲ.

ಇಂತಿ,
ನಿಮ್ಮ ಹಳೇ ಓದುಗರಲ್ಲೊಬ್ಬಳು, ಶಿರಾ
(ಹೆಸರು ಹಾಕಬೇಡಿ. ಆ ಊರುಗಳಿಗೆಲ್ಲ ಈಗಲೂ ಮದುವೆ ಮುಂಜಿಗೆ ಹೋಗುತ್ತಿರುತ್ತೇನೆ.)